ಹಿಂದಿನ ಚಕ್ರದ ಕಡೆ ‘ಡಬ್’ ಅಂದರೆ: ಬುಷ್, ಆರ್ಮ್ ಮತ್ತು ಲಾರಿ ಗ್ಯಾರೇಜಿನ ಒಂದು ಪಿಟ್

ಸದ್ದು ಮೊದಲು ಕೇಳಿಸಿದ್ದು ದಾವಣಗೆರೆಯ ಹದಡಿ ರಸ್ತೆಯಲ್ಲಿ, ಒಂದು ಹಂಪ್ ಇಳಿಯುವಾಗ. ಹಿಂದಿನ ಎಡ ಚಕ್ರದ ಕಡೆಯಿಂದ ‘ಡಬ್’ ಅಂತ ಒಂದೇ ಸಲ. ಡಿಕ್ಕಿಯಲ್ಲಿ ತೆಂಗಿನಕಾಯಿ ಉರುಳಿದ ಹಾಗೆ. ನಿಜಕ್ಕೂ ತೆಂಗಿನಕಾಯಿ ಇರಬಹುದು ಅಂತ ಇಳಿದು ನೋಡಿದೆ. ಇರಲಿಲ್ಲ.

ಒಂದು ತಿಂಗಳಲ್ಲಿ ಇನ್ನೊಂದು ತೊಂದರೆ ಸೇರಿಕೊಂಡಿತು. ಚಿತ್ರದುರ್ಗಕ್ಕೆ ಹೋಗುವಾಗ, ಹೆದ್ದಾರಿ 48ರಲ್ಲಿ ಭರಮಸಾಗರ ದಾಟಿದ ಮೇಲೆ, 90ರ ವೇಗದಲ್ಲಿ ಲಾರಿ ಓವರ್‌ಟೇಕ್ ಮಾಡಿ ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಕಾರಿನ ಹಿಂಭಾಗ ಬೆರಳಷ್ಟು ಪಕ್ಕಕ್ಕೆ ಸರಿದ ಹಾಗೆ ಆಗುತ್ತಿತ್ತು. ಪಕ್ಕದಲ್ಲಿ ಕೂತವರಿಗೆ ಗೊತ್ತಾಗದಷ್ಟು ಸಣ್ಣದು. ಸ್ಟಿಯರಿಂಗ್ ಹಿಡಿದವನಿಗೆ ಮಾತ್ರ ಬೆನ್ನಿಗೆ ತಟ್ಟುತ್ತಿತ್ತು.

ನಾನು ಮಾಡಿದ್ದು ಎಲ್ಲರೂ ಮಾಡುವ ತಪ್ಪನ್ನೇ. ಹಿಂದಿನ ಎರಡೂ ಶಾಕ್ ಅಬ್ಸಾರ್ಬರ್ ಬದಲಿಸಿದೆ. ಸದ್ದು ಹೋಗಲಿಲ್ಲ. ಲಿಂಕ್ ರಾಡ್ ಬದಲಿಸಿದೆ. ಹೋಗಲಿಲ್ಲ. ಆಮೇಲೆ ಸ್ನೇಹಿತರೊಬ್ಬರ ಮಾತು ಕೇಳಿ ಅಡ್ಜಸ್ಟಬಲ್ ಆರ್ಮ್, ಪಾಲಿಯುರೆಥೇನ್ ಬುಷ್ ಸೆಟ್ ಎಲ್ಲ ಆರ್ಡರ್ ಮಾಡಲು ಕೂತಿದ್ದೆ. ಆರ್ಮ್ ಅಂದರೆ ಚಕ್ರವನ್ನು ಕಾರಿನ ಬಾಡಿಗೆ ಹಿಡಿದಿಡುವ ಲೋಹದ ಕೈ. ಬುಷ್ ಅಂದರೆ ಆ ಕೈಯ ತುದಿಯಲ್ಲಿ ಕೂರುವ ರಬ್ಬರ್ ತುಂಡು. ಪಾಲಿಯುರೆಥೇನ್ ಅಂದರೆ ರಬ್ಬರಿನ ಬದಲು ಬಳಸುವ ಒಂದು ಗಟ್ಟಿ ಪ್ಲಾಸ್ಟಿಕ್. ಪುಣ್ಯಕ್ಕೆ ಆ ದಿನ ಕಾರ್ಡ್ ಪೇಮೆಂಟ್ ಆಗಲಿಲ್ಲ. ಕೊನೆಗೆ ಸಿಕ್ಕಿದ ದೋಷ ಒಂದೇ ಒಂದು ಬುಷ್, ಅದೂ ವರ್ಷದ ಹಿಂದೆ ಹೊಸದಾಗಿ ಹಾಕಿಸಿದ್ದು. ಮೊದಲಿನಿಂದಲೇ ಯಾವ ಕ್ರಮದಲ್ಲಿ ಹುಡುಕಬೇಕಿತ್ತೋ ಆ ಕ್ರಮದಲ್ಲಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು, ನಿಮ್ಮ ಕಾರಿಗೆ ಹಿಂದೆ ಆರ್ಮ್ ಇದೆಯೇ?

ತಮಾಷೆಯ ಪ್ರಶ್ನೆ ಅಲ್ಲ. ನಮ್ಮ ರಸ್ತೆಯಲ್ಲಿ ಓಡಾಡುವ ಸಣ್ಣ ಕಾರುಗಳಲ್ಲಿ ಹೆಚ್ಚಿನವಕ್ಕೆ ಹಿಂದೆ ಬೇರೆ ಬೇರೆ ಆರ್ಮ್‌ಗಳೇ ಇರುವುದಿಲ್ಲ. ಸ್ವಿಫ್ಟ್, ಐ20, ಪೋಲೋ ಇವುಗಳಲ್ಲಿ ಎರಡು ಚಕ್ರ ಸೇರಿಸಿ ಒಂದೇ ಟಾರ್ಷನ್ ಬೀಮ್ (ತಿರುಚಬಲ್ಲ ಅಡ್ಡ ತೊಲೆ). ಅದು ಕಾರಿನ ಬಾಡಿಗೆ ಕೂರುವ ಕಡೆ ಎಡಕ್ಕೊಂದು, ಬಲಕ್ಕೊಂದು ದೊಡ್ಡ ಬುಷ್. ಅಷ್ಟೇ. ಅಂಥ ಕಾರಿನವರು ಆರ್ಮ್ ಹುಡುಕುತ್ತಾ ಕೂರಬೇಡಿ, ಆ ಎರಡು ಬುಷ್ ನೋಡಿ.

ಹಳೇ ಇನ್ನೋವಾ, ಇನ್ನೋವಾ ಕ್ರಿಸ್ಟಾ ಇವುಗಳದ್ದು ಬೇರೆ ಕಥೆ. ಹಿಂದೆ ಗಟ್ಟಿ ಆಕ್ಸಲ್, ಅದನ್ನು ಹಿಡಿಯಲು ಉದ್ದಕ್ಕೆ ನಾಲ್ಕು ಲಿಂಕ್, ಅಡ್ಡಕ್ಕೆ ಒಂದು ಲ್ಯಾಟರಲ್ ರಾಡ್. ಇನ್ನೋವಾದ ಹಿಂಭಾಗ ಓಲಾಡಿದರೆ ನಾನು ಮೊದಲು ಕೈ ಹಾಕುವುದು ಆ ಅಡ್ಡ ರಾಡಿನ ಬುಷ್‌ಗೆ. ಆಕ್ಸಲ್ ಎಡಕ್ಕೆ ಬಲಕ್ಕೆ ಹೋಗದಂತೆ ತಡೆಯುವುದು ಮುಖ್ಯವಾಗಿ ಅದೇ.

ನನ್ನದು ಹಿಂದೆ ಮಲ್ಟಿಲಿಂಕ್ ಇರುವ ಹಳೇ ಸೆಡಾನ್, ಸೆಕೆಂಡ್ ಹ್ಯಾಂಡ್. ಪ್ರತಿ ಚಕ್ರಕ್ಕೂ ಉದ್ದಕ್ಕೆ ಒಂದು ಟ್ರೇಲಿಂಗ್ ಆರ್ಮ್, ಅಡ್ಡಕ್ಕೆ ಮೇಲೊಂದು ಆರ್ಮ್, ಕೆಳಗೆ ಸ್ಪ್ರಿಂಗ್ ಕೂರುವ ದೊಡ್ಡ ಆರ್ಮ್, ಜೊತೆಗೆ ಚಕ್ರದ ದಿಕ್ಕು ಹಿಡಿಯುವ ತೆಳ್ಳನೆಯ ಟೋ ಲಿಂಕ್. ಪ್ರತಿ ಆರ್ಮಿನ ತುದಿಗೂ ಬುಷ್. ಎಲ್ಲಿ ಸವೆದಿದೆ ಅಂತ ಹುಡುಕುವ ಕಷ್ಟ ಬರುವುದು ಇಂಥ ಕಾರಿನಲ್ಲೇ. ಮುಂದೆ ಹೇಳುವುದು ಹೆಚ್ಚಾಗಿ ಇದಕ್ಕೆ ಅನ್ವಯಿಸುತ್ತದೆ.

ಸಣ್ಣ ಕಳ್ಳರನ್ನು ಮೊದಲು ಹಿಡಿಯಿರಿ

ಡಿಕ್ಕಿ ಪೂರ್ತಿ ಖಾಲಿ ಮಾಡಿ. ಸ್ಟೆಪ್ನಿ, ಜಾಕ್, ಪಾನಾ ಎಲ್ಲ ಹೊರಗೆ ತೆಗೆದಿಟ್ಟು ಅದೇ ಹಂಪ್ ಮೇಲೆ ಹೋಗಿ ಬನ್ನಿ. ಹಿಂದಿನ ಸೀಟಿನ ಲಾಕ್ ಸಡಿಲ ಇದ್ದರೂ ಬುಷ್ ಹೋದ ಹಾಗೇ ಕೇಳುತ್ತದೆ. ಸೈಲೆನ್ಸರ್ ನೇತಾಡುವ ರಬ್ಬರ್ ಹರಿದಿದ್ದರೆ ಅದೂ ತಗಲುತ್ತದೆ. ಚಕ್ರದ ನಟ್ ಬಿಗಿ ಇದೆಯಾ, ನಾಲ್ಕೂ ಟೈರಿನ ಗಾಳಿ ಸರಿ ಇದೆಯಾ ನೋಡಿ. ಅರ್ಧ ಗಂಟೆಯ ಕೆಲಸ, ಖರ್ಚಿಲ್ಲ.

ಟೈರನ್ನು ಕೈಯಿಂದ ಸವರಿ ನೋಡುವುದು ಮಾತ್ರ ಬಿಡಬೇಡಿ. ಒಳ ಅಂಚು ಮಾತ್ರ ಸವೆದಿದೆಯಾ? ಅಡ್ಡಕ್ಕೆ ಒಂದು ದಿಕ್ಕಿನಲ್ಲಿ ಸವರಿದರೆ ನುಣುಪು, ಎದುರು ದಿಕ್ಕಿನಲ್ಲಿ ಸವರಿದರೆ ಗರಗಸದ ಹಲ್ಲಿನಂತೆ ಒರಟು ಅನ್ನಿಸುತ್ತದೆಯಾ? ಹಾಗಿದ್ದರೆ ಚಕ್ರ ನೇರಕ್ಕೆ ಉರುಳುತ್ತಿಲ್ಲ, ಟೋ (ಮೇಲಿನಿಂದ ನೋಡಿದಾಗ ಚಕ್ರ ಮುಖ ಮಾಡಿರುವ ಕೋನ) ತಪ್ಪಿ ಉಜ್ಜಿಕೊಂಡು ಹೋಗುತ್ತಿದೆ. ಈ ಉಜ್ಜಾಟದ ಲೆಕ್ಕ ಸರಳ. 600 ಮಿ.ಮೀ. ವ್ಯಾಸದ ಒಂದು ಚಕ್ರದಲ್ಲಿ ಮುಂದಿನ ಅಂಚಿಗೂ ಹಿಂದಿನ ಅಂಚಿಗೂ 3 ಮಿ.ಮೀ. ವ್ಯತ್ಯಾಸ ಇದ್ದರೆ, ಕಿಲೋಮೀಟರಿಗೆ 5 ಮೀಟರಿನಷ್ಟು ಆ ಟೈರ್ ಅಡ್ಡಕ್ಕೆ ಉಜ್ಜುತ್ತದೆ. ದಾವಣಗೆರೆಯಿಂದ ದುರ್ಗಕ್ಕೆ ಸುಮಾರು 60 ಕಿ.ಮೀ. ಅಂದರೆ 300 ಮೀಟರ್ ಟೈರನ್ನು ಅಡ್ಡಲಾಗಿ ಎಳೆದುಕೊಂಡು ಹೋದ ಹಾಗೆ. ಹೊಸ ಟೈರ್ ವರ್ಷದೊಳಗೆ ಬೋಳಾದರೆ ಆಶ್ಚರ್ಯ ಏನಿದೆ?

ಸದ್ದು ಯಾವುದರದ್ದು?

ಇದಕ್ಕೆ ಖಾಲಿ ಲೇಔಟ್ ಬೇಕು. ಊರಾಚೆ ಸೈಟ್ ಹಾಕಿ ಮನೆ ಕಟ್ಟದೆ ಬಿಟ್ಟ ಲೇಔಟ್‌ಗಳಿಗೆ ನಮ್ಮಲ್ಲಿ ಬರ ಇಲ್ಲ. ಹಿಂದಿನ ಸೀಟಿನಲ್ಲಿ ಇನ್ನೊಬ್ಬರನ್ನು ಕೂರಿಸಿಕೊಳ್ಳಿ. ಮುಂದೆ ಕೂತವರಿಗೆ ಎಡ ಬಲ ಸರಿಯಾಗಿ ಗೊತ್ತಾಗುವುದಿಲ್ಲ.

ಮೊದಲ ಪರೀಕ್ಷೆ ಹಂಪ್. ಎರಡೂ ಚಕ್ರ ಒಟ್ಟಿಗೆ ಹತ್ತುವ ಹಾಗೆ ನಿಧಾನಕ್ಕೆ ಹೋಗಿ. ಆಮೇಲೆ ಒಂದೇ ಚಕ್ರ ಗುಂಡಿಗೆ ಇಳಿಯುವ ಹಾಗೆ ಹೋಗಿ. ಒಂದೇ ಚಕ್ರ ಇಳಿದಾಗ ಮಾತ್ರ ‘ಕಟ ಕಟ’ ಅಂದರೆ ಆಂಟಿ ರೋಲ್ ಬಾರ್ (ತಿರುವಿನಲ್ಲಿ ಕಾರು ಹೆಚ್ಚು ವಾಲದಂತೆ ಎರಡೂ ಕಡೆ ಸೇರಿಸುವ ಕಂಬಿ) ಅಥವಾ ಅದರ ಲಿಂಕ್ ಮೇಲೆ ಅನುಮಾನ ಪಡಿ. ಎರಡೂ ಚಕ್ರ ಒಟ್ಟಿಗೆ ಎದ್ದರೆ ಆ ಬಾರ್ ತಿರುಚಿಕೊಳ್ಳುವುದೇ ಇಲ್ಲ, ಹಾಗಾಗಿ ಸುಮ್ಮನಿರುತ್ತದೆ. ಇನ್ನೂ ಖಚಿತ ಬೇಕಾದರೆ ಎರಡೂ ಕಡೆಯ ಲಿಂಕ್ ಬಿಚ್ಚಿ, ತಂತಿಯಿಂದ ಕಟ್ಟಿ, ನಿಧಾನಕ್ಕೆ ಒಂದು ಸುತ್ತು ಹೋಗಿ ಬನ್ನಿ. ಈ ಪರೀಕ್ಷೆ ಗೊತ್ತಿದ್ದಿದ್ದರೆ ಲಿಂಕ್ ರಾಡಿನ ದುಡ್ಡು ನನಗೆ ಉಳಿಯುತ್ತಿತ್ತು.

ಎರಡನೆಯದು ಹ್ಯಾಂಡ್ ಬ್ರೇಕ್ ಪರೀಕ್ಷೆ. ಲಿವರ್ ಎಳೆಯುವ ಹ್ಯಾಂಡ್ ಬ್ರೇಕ್ ಇರುವ ಕಾರಿಗೆ ಮಾತ್ರ. ಸೈಕಲ್ ವೇಗದಲ್ಲಿ ಮುಂದೆ ಹೋಗುತ್ತಾ ಮೆಲ್ಲಗೆ ಎಳೆಯಿರಿ. ಆಮೇಲೆ ರಿವರ್ಸ್‌ನಲ್ಲಿ ಎಳೆಯಿರಿ. ದಿಕ್ಕು ಬದಲಾದಾಗೆಲ್ಲ ಒಂದೊಂದು ‘ಡಬ್’ ಬಂದರೆ ಚಕ್ರ ಹಿಂದೆ ಮುಂದೆ ಸರಿಯುತ್ತಿದೆ. ಅದನ್ನು ತಡೆಯಬೇಕಾದ್ದು ಟ್ರೇಲಿಂಗ್ ಆರ್ಮಿನ ಮುಂದಿನ ದೊಡ್ಡ ಬುಷ್. ನನ್ನ ಕಾರಿನಲ್ಲಿ ಸಿಕ್ಕಿದ್ದು ಇಲ್ಲೇ. ಮುಂದಕ್ಕೆ ಒಂದು ಡಬ್, ಹಿಂದಕ್ಕೆ ಒಂದು ಡಬ್, ಗಡಿಯಾರದ ಹಾಗೆ. ಹೆದ್ದಾರಿಯಲ್ಲಿ ಕಾಲು ತೆಗೆದಾಗ ಹಿಂಭಾಗ ಸರಿಯುತ್ತಿದ್ದದ್ದಕ್ಕೂ ಕಾರಣ ಇದೇ. ಒಂದು ಕಡೆಯ ಚಕ್ರ ಹಿಂದಕ್ಕೆ ಸರಿದರೆ ಅದರ ದಿಕ್ಕು ಸ್ವಲ್ಪ ತಿರುಗುತ್ತದೆ. ಹಿಂದಿನ ಚಕ್ರ ತನ್ನಷ್ಟಕ್ಕೆ ಸ್ಟಿಯರಿಂಗ್ ಮಾಡಿದ ಹಾಗೆ.

‘ಕಿರ್ ಕಿರ್’ ಅನ್ನುವ ಸದ್ದಾದರೆ ನೀರಿನ ಸ್ಪ್ರೇ ಬಾಟಲಿ ಸಾಕು. ಒಂದು ಸಲಕ್ಕೆ ಒಂದೇ ಬುಷ್‌ಗೆ ನೀರು ಹೊಡೆದು ಕಾರನ್ನು ಒತ್ತಿ ಒತ್ತಿ ನೋಡಿ. ಯಾವುದಕ್ಕೆ ಹೊಡೆದಾಗ ಸದ್ದು ನಿಂತಿತೋ ಅದೇ. ಎಲ್ಲಕ್ಕೂ ಒಟ್ಟಿಗೆ ಹೊಡೆದರೆ ಏನೂ ಗೊತ್ತಾಗುವುದಿಲ್ಲ.

ಕೆಳಗೆ ಇಳಿದು ನೋಡುವಾಗ

ಬರೀ ಜಾಕ್ ನಂಬಿ ಕಾರಿನ ಕೆಳಗೆ ಹೋಗಬೇಡಿ. ಸ್ಟ್ಯಾಂಡ್ ಕೊಡಿ, ಮುಂದಿನ ಚಕ್ರಕ್ಕೆ ಕಲ್ಲು ಕೊಡಿ.

ಚಕ್ರ ಎತ್ತಿದಾಗ ಟೈರನ್ನು ಗಡಿಯಾರದ 12 ಮತ್ತು 6ರ ಜಾಗದಲ್ಲಿ ಹಿಡಿದು ಅಲ್ಲಾಡಿಸಿ. ಅಲ್ಲಾಡಿದರೆ ಇನ್ನೊಬ್ಬರಿಗೆ ಬ್ರೇಕ್ ಒತ್ತಲು ಹೇಳಿ. ಒತ್ತಿದಾಗ ಅಲ್ಲಾಟ ನಿಂತರೆ ಅದು ಬೇರಿಂಗ್. ನಿಲ್ಲದಿದ್ದರೆ ಆರ್ಮ್ ಕಡೆಯದು. 9 ಮತ್ತು 3ರ ಜಾಗದಲ್ಲಿ ಅಲ್ಲಾಡಿದರೆ ಟೋ ಲಿಂಕ್ ಮೊದಲು ನೋಡಿ.

ಬುಷ್ ನೋಡುವುದಕ್ಕೆ ಸಣ್ಣ ಸಬ್ಬಲು ಬೇಕು. ಆರ್ಮಿಗೂ ಬ್ರ್ಯಾಕೆಟ್‌ಗೂ ನಡುವೆ ಕೊಟ್ಟು ಮೆಲ್ಲಗೆ ಮೀಟಿ. ರಬ್ಬರ್ ಸ್ವಲ್ಪ ಬಗ್ಗುವುದು ಸಹಜ, ಅದಕ್ಕೇ ಅಲ್ವಾ ರಬ್ಬರ್ ಇಟ್ಟಿರುವುದು. ಮೇಲ್ಮೈಯಲ್ಲಿ ಸಣ್ಣ ಬಿರುಕು ಕಂಡ ಕೂಡಲೇ ‘ಹೋಯ್ತು ಸರ್’ ಅನ್ನುವ ಮೆಕ್ಯಾನಿಕ್ ಮಾತು ಪೂರ್ತಿ ನಂಬಬೇಡಿ. ಹತ್ತು ವರ್ಷದ ರಬ್ಬರಿನ ಮೇಲೆ ಬಿರುಕು ಇದ್ದೇ ಇರುತ್ತದೆ. ನೋಡಬೇಕಾದ್ದು ಬೇರೆ. ರಬ್ಬರ್ ತನ್ನ ಲೋಹದ ತೋಳಿನಿಂದ (ಸ್ಲೀವ್, ಅಂದರೆ ರಬ್ಬರಿನ ಒಳಗೂ ಹೊರಗೂ ಇರುವ ಲೋಹದ ಕೊಳವೆ) ಬಿಟ್ಟುಕೊಂಡಿದೆಯಾ? ಮೀಟಿದಾಗ ಬಿರುಕು ಆಳಕ್ಕೆ ಬಾಯಿ ಬಿಡುತ್ತದೆಯಾ? ನಡುವಿನ ತೋಳು ಮಧ್ಯದಲ್ಲಿ ಇದೆಯಾ, ಒಂದು ಪಕ್ಕಕ್ಕೆ ಕೂತಿದೆಯಾ? ಕೆಲವು ಕಾರಿನ ಬುಷ್ ಒಳಗೆ ದ್ರವ ತುಂಬಿರುತ್ತದೆ. ಸುತ್ತ ಎಣ್ಣೆಯಂತೆ ಒದ್ದೆ ಆಗಿ ಧೂಳು ಮೆತ್ತಿಕೊಂಡಿದ್ದರೆ ಅದರ ಆಯಸ್ಸು ಮುಗಿದಿದೆ.

ಇನ್ನೂ ಅನುಮಾನ ಇದ್ದರೆ ಬಿಳಿ ಪೇಂಟ್ ಮಾರ್ಕರ್‌ನಿಂದ ಆರ್ಮ್, ರಬ್ಬರ್, ನಡುವಿನ ತೋಳು ಮೂರಕ್ಕೂ ಸೇರಿ ಒಂದು ನೇರ ಗೆರೆ ಎಳೆಯಿರಿ. ಒಂದು ವಾರ ಓಡಿಸಿ. ಗೆರೆ ಮುರಿದಿದ್ದರೆ ಅಲ್ಲಿ ಜಾರುತ್ತಿದೆ. ಬೋಲ್ಟ್ ತಲೆಯ ಸುತ್ತ ಧೂಳಿಲ್ಲದೆ ಹೊಳೆಯುವ ಉಂಗುರ ಕಂಡರೂ ಅದೇ ಅರ್ಥ.

ಆರ್ಮ್ ಬಗ್ಗಿದೆಯಾ ಅಂತ ನೋಡಲು ಟೇಪ್ ಹಿಡಿದು ಎಡಕ್ಕೂ ಬಲಕ್ಕೂ ಹೋಲಿಸಿ. ದೊಡ್ಡ ಗುಂಡಿಗೆ ಬಿದ್ದ ನೆನಪು ನಿಮಗೆ ಇದ್ದೇ ಇರುತ್ತದೆ. ಬಗ್ಗಿದ ಆರ್ಮನ್ನು ಕಾಯಿಸಿ ನೆಟ್ಟಗೆ ಮಾಡಿಸುವುದು, ಬಿರುಕಿಗೆ ವೆಲ್ಡಿಂಗ್ ಹೊಡೆಸುವುದು ಬೇಡವೇ ಬೇಡ. ಹೊಸದು ಹಾಕಿ.

ಹೊಸ ಬುಷ್ ಒಂದೇ ವರ್ಷಕ್ಕೆ ಯಾಕೆ ಹರಿಯಿತು?

ನನಗೆ ನಿಜವಾಗಿ ಪಾಠ ಆಗಿದ್ದು ಇಲ್ಲಿ. ಹಳೇ ಮಾಲೀಕರ ಕಾಲದ ಬುಷ್ ಅಲ್ಲ ಹರಿದದ್ದು. ನಾನೇ ಹಾಕಿಸಿದ್ದು. ಡಬ್ಬಿ ನೋಡಿ ತಂದ ಒಳ್ಳೆಯ ಮಾಲು. ಹಾಕುವಾಗ ನಾನೂ ರ್‍ಯಾಂಪ್ ಪಕ್ಕದಲ್ಲೇ ಟೀ ಕುಡಿಯುತ್ತಾ ನಿಂತಿದ್ದೆ. ಕಾರು ಎರಡು ಕಂಬದ ಲಿಫ್ಟ್ ಮೇಲೆ, ನಾಲ್ಕೂ ಚಕ್ರ ಗಾಳಿಯಲ್ಲಿ ನೇತಾಡುತ್ತಿದ್ದವು. ಹುಡುಗ ಬೋಲ್ಟ್ ಹಾಕಿದ, ಏರ್ ಗನ್‌ನಿಂದ ‘ಟರ್ರ್’ ಅಂತ ಬಿಗಿ ಮಾಡಿದ. ಕೆಲಸ ಚುರುಕಾಗಿದೆ ಅಂತ ಖುಷಿಪಟ್ಟೆ.

ತಪ್ಪು ಆದದ್ದು ಆ ಟರ್ರ್‌ನಲ್ಲೇ. ಸಾಮಾನ್ಯ ರಬ್ಬರ್ ಬುಷ್ ಬೇರಿಂಗ್ ಹಾಗೆ ತಿರುಗುವುದಿಲ್ಲ. ರಬ್ಬರ್ ಹೊರ ತೋಳಿಗೂ ಒಳ ತೋಳಿಗೂ ಅಂಟಿರುತ್ತದೆ. ಬೋಲ್ಟ್ ಬಿಗಿಯಾದ ಮೇಲೆ ಒಳ ತೋಳು ಅಲುಗುವ ಹಾಗಿಲ್ಲ. ಆರ್ಮ್ ಮೇಲೆ ಕೆಳಗೆ ಹೋದಾಗೆಲ್ಲ ರಬ್ಬರ್ ತಿರುಚಿಕೊಳ್ಳುತ್ತದೆ, ವಾಪಸ್ ಬರುತ್ತದೆ. ಬಟ್ಟೆ ಹಿಂಡಿದ ಹಾಗೆ. ಬಿಗಿ ಮಾಡಿದಾಗ ಆರ್ಮ್ ಎಲ್ಲಿತ್ತೋ ಅದೇ ಆ ರಬ್ಬರಿನ ವಿಶ್ರಾಂತಿಯ ಜಾಗ. ಚಕ್ರ ನೇತಾಡುವಾಗ ಬಿಗಿ ಮಾಡಿದರೆ, ಕಾರನ್ನು ನೆಲಕ್ಕೆ ಇಳಿಸಿದ ಕ್ಷಣದಿಂದಲೇ ರಬ್ಬರ್ ಹಿಂಡಿದ ಸ್ಥಿತಿಯಲ್ಲಿ ಇರುತ್ತದೆ. ಆರ್ಮ್ 40 ಸೆಂ.ಮೀ. ಉದ್ದ ಇದ್ದು ಚಕ್ರ 10 ಸೆಂ.ಮೀ. ಕೆಳಗೆ ಇಳಿದಿತ್ತು ಅಂದುಕೊಳ್ಳಿ. ಸುಮಾರು 14 ಡಿಗ್ರಿ ತಿರುಚು. ಕಾರು ಮನೆ ಮುಂದೆ ಸುಮ್ನೆ ನಿಂತಿದ್ದರೂ ಅಷ್ಟು ತಿರುಚು ಇದ್ದೇ ಇರುತ್ತದೆ. ಅದರ ಮೇಲೆ ಹಂಪ್, ಗುಂಡಿ. ಹರಿಯದೆ ಏನು ಮಾಡೀತು?

ಇದಕ್ಕೆ ಇನ್ನೊಂದು ಸೇರಿತ್ತು ಅಂತ ನನ್ನ ಅನುಮಾನ. ವಾಟರ್ ಸರ್ವಿಸ್ ಮಾಡಿಸಿದಾಗಲೆಲ್ಲ ಕೆಳಗೆ ಡೀಸೆಲ್, ಹಳೇ ಆಯಿಲ್ ಸ್ಪ್ರೇ ಹೊಡೆಸುವ ರೂಢಿ ನಮ್ಮಲ್ಲಿ ಇದೆ. ತುಕ್ಕು ಹಿಡಿಯಬಾರದು ಅಂತ. ಎಣ್ಣೆ ಬಿದ್ದರೆ ಇಂಥ ರಬ್ಬರ್ ಉಬ್ಬುತ್ತದೆ, ಮೆತ್ತಗಾಗುತ್ತದೆ. ‘ಆಯಿಲ್ ಬ್ಯಾಡ, ಬರೀ ನೀರು’ ಅಂತ ಈಗ ಹೇಳುತ್ತೇನೆ. ಹೇಳಿದಾಗ ವಿಚಿತ್ರವಾಗಿ ನೋಡುತ್ತಾರೆ, ನೋಡಲಿ.

ಯಾವ ಬುಷ್? ಯಾವ ಆರ್ಮ್?

ದಿನಾ ಆಫೀಸಿಗೆ, ತಿಂಗಳಿಗೊಮ್ಮೆ ಬೆಂಗಳೂರಿಗೆ ಓಡುವ ಕಾರಿಗೆ ನನ್ನ ಉತ್ತರ ಕಂಪನಿ ಗುಣಮಟ್ಟದ ರಬ್ಬರ್ ಬುಷ್. ಪಾಲಿಯುರೆಥೇನ್ ಕೆಟ್ಟದ್ದು ಅಂತಲ್ಲ. ಅದು ಗಟ್ಟಿ. ರಬ್ಬರ್ ಬುಷ್‌ನ ಗಡಸುತನ ಸಾಮಾನ್ಯವಾಗಿ ಶೋರ್ ಎ ಅಳತೆಯಲ್ಲಿ 50ರಿಂದ 70ರ ಆಸುಪಾಸು, ಪಾಲಿ 75ರಿಂದ 95ರ ಆಸುಪಾಸು. ಅದು ರಬ್ಬರಿನಂತೆ ತಿರುಚಿಕೊಳ್ಳುವುದಿಲ್ಲ, ತೋಳಿನ ಮೇಲೆ ಜಾರುತ್ತದೆ. ಜಾರಬೇಕಾದರೆ ಗ್ರೀಸ್ ಬೇಕು. ಚಿತ್ರದುರ್ಗ ಕಡೆಯ ಒಣ ಧೂಳು ಆ ಗ್ರೀಸಿನಲ್ಲಿ ಕೂತರೆ ಕಿರ್ ಕಿರ್ ಶುರು. ಬಿಚ್ಚಿ, ತೊಳೆದು, ಮತ್ತೆ ಗ್ರೀಸ್ ಹಚ್ಚುವ ತಾಳ್ಮೆ ಇದ್ದವರು ಹಾಕಲಿ.

ಅದಕ್ಕಿಂತ ದೊಡ್ಡ ಮಾತು ಜಾಗದ್ದು. ಆಂಟಿ ರೋಲ್ ಬಾರ್ ಬುಷ್‌ಗೆ ಪಾಲಿ ಚೆನ್ನಾಗಿ ಒಗ್ಗುತ್ತದೆ, ಅಲ್ಲಿ ಚಲನೆ ಒಂದೇ ರೀತಿಯದು. ನಾನೂ ಅಲ್ಲಿಗೆ ಮಾತ್ರ ಹಾಕಿಸಿದ್ದೇನೆ. ಟ್ರೇಲಿಂಗ್ ಆರ್ಮಿನ ಮುಂದಿನ ಬುಷ್ ಹಾಗಲ್ಲ. ಮಲ್ಟಿಲಿಂಕ್‌ನಲ್ಲಿ ಚಕ್ರ ಏಳುವಾಗ ಆ ಆರ್ಮ್ ಮೇಲಕ್ಕೂ ಹೋಗುತ್ತದೆ, ಸ್ವಲ್ಪ ಪಕ್ಕಕ್ಕೂ ಓಲುತ್ತದೆ, ತಿರುಚಿಯೂ ಕೊಳ್ಳುತ್ತದೆ. ರಬ್ಬರ್ ಈ ಮೂರಕ್ಕೂ ದಾರಿ ಕೊಡುತ್ತದೆ. ಗಟ್ಟಿ ಪಾಲಿ ಕೊಡುವುದಿಲ್ಲ. ಆಗ ಸಸ್ಪೆನ್ಷನ್ ಹಿಡಿದುಕೊಳ್ಳುತ್ತದೆ, ಆ ಜೋರು ಆರ್ಮ್ ಮೇಲೋ ಬ್ರ್ಯಾಕೆಟ್ ಮೇಲೋ ಬೀಳುತ್ತದೆ. ಲೋಹದ ಗೋಳದ ಜಾಯಿಂಟ್ ಇರುವ ರೇಸ್ ಆರ್ಮ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಳಗೆ ಧೂಳು ಹೋದರೆ ಬೇಗ ಸವೆಯುತ್ತದೆ, ಸಣ್ಣ ಕಲ್ಲು ಸಿಕ್ಕರೂ ಸದ್ದು ನೇರ ಕ್ಯಾಬಿನ್ ಒಳಗೆ. ಲೇತ್‌ನಲ್ಲಿ ನೈಲಾನ್ ಬುಷ್ ಕಡೆಸಿ ಹಾಕುವ ಉಪಾಯವನ್ನೂ ಒಬ್ಬರು ಹೇಳಿದರು. ಟ್ರಾಲಿಗೆ ಸರಿ, ಇಲ್ಲಿಗೆ ಬೇಡ.

ಆರ್ಮ್ ವಿಷಯ. ಬಗ್ಗಿಲ್ಲ, ತುಕ್ಕಿಲ್ಲ, ಬಾಲ್ ಜಾಯಿಂಟ್ (ಆರ್ಮಿನ ತುದಿಯ ಗುಂಡು ಕೀಲು) ಗಟ್ಟಿ ಇದೆ ಅಂದರೆ ಬುಷ್ ಮಾತ್ರ ಬದಲಿಸಿ. ಆದರೆ ಹೈಡ್ರಾಲಿಕ್ ಪ್ರೆಸ್ ಇರುವ ಕಡೆ ಮಾಡಿಸಿ. ಗ್ಯಾಸ್ ಹಿಡಿದು ಹಳೇ ರಬ್ಬರ್ ಸುಟ್ಟು ತೆಗೆಯುವವರ ಹತ್ತಿರ ಹೋಗಬೇಡಿ, ಅದರಲ್ಲೂ ಅಲ್ಯುಮಿನಿಯಂ ಆರ್ಮ್ ಆಗಿದ್ದರೆ. ಒಂದೇ ಆರ್ಮಿನಲ್ಲಿ ಎರಡು ಬುಷ್, ಒಂದು ಬಾಲ್ ಜಾಯಿಂಟ್ ಎಲ್ಲವೂ ಸವೆದಿದ್ದರೆ ಬುಷ್ ಸಮೇತ ಹೊಸ ಆರ್ಮ್ ತಗೊಳ್ಳುವುದೇ ಲಾಭ. ಪ್ರೆಸ್ ಕೂಲಿ, ಓಡಾಟ ಉಳಿಯುತ್ತದೆ.

ಅಡ್ಜಸ್ಟಬಲ್ ಆರ್ಮ್ ಯಾರಿಗೆ ಬೇಕು? ಸ್ಪ್ರಿಂಗ್ ಬದಲಿಸಿ ಕಾರು ತಗ್ಗಿಸಿದವರಿಗೆ. ಅಥವಾ ಎಲ್ಲ ಬುಷ್ ಸರಿ ಇದ್ದೂ, ಕಂಪನಿ ಕೊಟ್ಟ ಹೊಂದಾಣಿಕೆ ಬೋಲ್ಟ್ ಪೂರ್ತಿ ತಿರುಗಿಸಿದರೂ ಕ್ಯಾಂಬರ್ (ಚಕ್ರ ಒಳಕ್ಕೋ ಹೊರಕ್ಕೋ ವಾಲಿದ ಕೋನ) ಅಳತೆಗೆ ಬಾರದಿದ್ದವರಿಗೆ. ಹರಿದ ಬುಷ್ ಇಟ್ಟುಕೊಂಡು ಅಡ್ಜಸ್ಟಬಲ್ ಆರ್ಮ್ ಹಾಕಿದರೆ ಇವತ್ತಿನ ಅಳತೆ ನಾಳೆಗೆ ನಿಲ್ಲುವುದಿಲ್ಲ.

ಬುಷ್ ಕೊಳ್ಳುವಾಗ ಎಡ ಬಲ ಎರಡೂ ತಗೊಳ್ಳಿ. ಒಳಗೆ ಕಿಂಡಿ ಇರುವ ಬುಷ್ ಆದರೆ ಅದಕ್ಕೆ ದಿಕ್ಕು ಇರುತ್ತದೆ. ಕಿಂಡಿ ಇರುವ ಕಡೆ ಮೆತ್ತಗೆ, ಇಲ್ಲದ ಕಡೆ ಗಟ್ಟಿ. ಹಳೆಯದನ್ನು ತೆಗೆಯುವ ಮೊದಲು ಫೋಟೋ ಹೊಡೆದುಕೊಳ್ಳಿ, ಅದೇ ಕೋನದಲ್ಲಿ ಕೂರಿಸಲು ಹೇಳಿ. ಅಡ್ಡ ಕೂರಿಸಿದರೆ ಹೊಸ ಬುಷ್ ಇದ್ದೂ ಕಾರು ಓಲಾಡುತ್ತದೆ.

ಪಿಟ್‌ನಲ್ಲಿ ಬಿಗಿ ಮಾಡಿಸಿದ ದಿನ

ಕಾರು ಎತ್ತುವ ಮೊದಲು, ಸಮತಟ್ಟು ನೆಲದಲ್ಲಿ ನಿಂತಿರುವಾಗ, ಚಕ್ರದ ನಡುವಿನಿಂದ ನೇರ ಮೇಲೆ ಫೆಂಡರ್ ಅಂಚಿನ ತನಕ ಅಳೆದು ಬರೆದುಕೊಳ್ಳಿ. ನನ್ನ ಕಾರಿನದು 37 ಸೆಂ.ಮೀ. ಹತ್ತಿರ. ಲಿಫ್ಟ್ ಮೇಲೆ ಕೆಲಸ ಮಾಡಿಸಿದರೆ, ಬೋಲ್ಟ್‌ಗಳನ್ನು ಕೈಬಿಗಿಯಲ್ಲಿ ಬಿಟ್ಟು, ಹಬ್ (ಚಕ್ರ ಕೂರುವ ನಡುಭಾಗ) ಕೆಳಗೆ ಜಾಕ್ ಕೊಟ್ಟು ಅದೇ ಅಳತೆಗೆ ಎತ್ತಿ, ಆಮೇಲೆ ಟಾರ್ಕ್ ರೆಂಚ್‌ನಿಂದ (ಎಷ್ಟು ಬಿಗಿ ಆಯ್ತು ಅಂತ ಅಳೆಯುವ ಪಾನಾ) ಬಿಗಿ ಮಾಡಬೇಕು. ಸ್ಪ್ರಿಂಗ್ ಕೂರುವ ಕೆಳಗಿನ ಆರ್ಮ್ ಬಿಚ್ಚುವಾಗಲೂ ಕೆಳಗೆ ಜಾಕ್ ಬೇಕೇ ಬೇಕು, ಸ್ಪ್ರಿಂಗಿನಲ್ಲಿ ಜೋರು ತುಂಬಿರುತ್ತದೆ. ಎಷ್ಟು ಟಾರ್ಕ್ ಅನ್ನುವುದು ಕಾರಿನಿಂದ ಕಾರಿಗೆ ಬೇರೆ, ಸರ್ವಿಸ್ ಕೈಪಿಡಿ ನೋಡಿ. ಟಾರ್ಕ್ ಕೊಟ್ಟ ಮೇಲೆ ಇಷ್ಟು ಡಿಗ್ರಿ ತಿರುಗಿಸಿ ಅಂತ ಅದರಲ್ಲಿ ಇದ್ದರೆ ಅಂಥ ಬೋಲ್ಟ್ ಸಾಮಾನ್ಯವಾಗಿ ಒಂದೇ ಸಲದ್ದು. ಹೊಸ ಬೋಲ್ಟ್ ತರಿಸಿಕೊಳ್ಳಿ.

ಇದನ್ನೆಲ್ಲ ವಿವರಿಸಿದರೆ ಎರಡು ಕಡೆ ‘ಏನಾಗಲ್ಲ ಸರ್, ನಾವು ದಿನಾ ಮಾಡ್ತೀವಿ’ ಅಂದರು. ಮೂರನೆಯ ಕಡೆ ಸಿಕ್ಕವರು ಚಿತ್ರದುರ್ಗದ ಹತ್ತಿರ ಹೆದ್ದಾರಿ ಪಕ್ಕ ಲಾರಿ ಗ್ಯಾರೇಜ್ ಇಟ್ಟುಕೊಂಡ ಹಿರಿಯರು. ಲಿಫ್ಟ್ ಇಲ್ಲ. ನೆಲದಲ್ಲಿ ತೋಡಿದ ಉದ್ದನೆಯ ಪಿಟ್ ಇದೆ. ನಾನು ಅಳತೆ, ಜಾಕ್ ಅಂತ ಶುರು ಮಾಡಿದೆ.

‘ಅದೆಲ್ಲ ಯಾಕ್ ಬೇಕ್ರೀ? ಬೋಲ್ಟ್ ಲೂಸ್ ಇಟ್ಟು ಇಳಸ್ರಿ, ಪಿಟ್ ಮ್ಯಾಲೆ ತಂದು ನಿಲ್ಸ್ರಿ. ಗಾಡಿ ಕಾಲ್ ಮ್ಯಾಲೆ ನಿಂತಿರ್ತತಿ, ಕೆಳಗಿಂದ ನಾನ್ ಬಿಗಿ ಮಾಡ್ತೀನಿ’ ಅಂದರು.

ಅಷ್ಟೇ ವಿಷಯ! ಪಿಟ್ ಮೇಲೆ ನಿಂತ ಕಾರಿನ ಭಾರ ಪೂರ್ತಿ ಚಕ್ರದ ಮೇಲೇ ಇರುತ್ತದೆ. ಎತ್ತರ ತಾನಾಗೇ ಸರಿ. ಲಾರಿಗೆ ಅಂತ ತೋಡಿದ ಹಳೇ ಗುಂಡಿ ಈ ಕೆಲಸಕ್ಕೆ ಎರಡು ಕಂಬದ ಲಿಫ್ಟಿಗಿಂತ ಮೇಲು. ಕಾರನ್ನು ಹಿಂದೆ ಮುಂದೆ ಒಂದೆರಡು ಅಡಿ ಉರುಳಿಸಿ, ಹಿಂಭಾಗವನ್ನು ನಾಲ್ಕು ಸಲ ಒತ್ತಿ ಬಿಟ್ಟು, ಆಮೇಲೆ ಬಿಗಿ ಮಾಡಿದರು. ನಾಲ್ಕು ಕಂಬದ, ಚಕ್ರದ ಮೇಲೇ ನಿಲ್ಲುವ ರ್‍ಯಾಂಪ್ ಇದ್ದರೂ ಇದೇ ಫಲ.

ಅಲೈನ್‌ಮೆಂಟ್ ಮತ್ತು ಆಮೇಲೆ

ಬುಷ್ ಬದಲಿಸಿದ ಮೇಲೆ ನಾಲ್ಕೂ ಚಕ್ರದ ಅಲೈನ್‌ಮೆಂಟ್ ಮಾಡಿಸಬೇಕು. ‘ಹಿಂದಿನದು ಅಡ್ಜಸ್ಟ್ ಬರಲ್ಲ’ ಅನ್ನುವ ಉತ್ತರ ಟಾರ್ಷನ್ ಬೀಮ್ ಕಾರಿಗೆ ಸರಿ, ಮಲ್ಟಿಲಿಂಕ್‌ಗೆ ಸಾಮಾನ್ಯವಾಗಿ ಸುಳ್ಳು. ಮೊದಲು ಹಿಂದಿನ ಟೋ ಸರಿ ಮಾಡಿಸಿ, ಆಮೇಲೆ ಮುಂದಿನದು. ಹಿಂದಿನ ಚಕ್ರ ಸೊಟ್ಟ ಇಟ್ಟುಕೊಂಡು ಮುಂದಿನದನ್ನು ಮಾತ್ರ ತಿದ್ದಿದರೆ, ಕಾರು ನೇರ ಹೋಗುವಾಗ ಸ್ಟಿಯರಿಂಗ್ ಸೊಟ್ಟ ನಿಲ್ಲುತ್ತದೆ. ಮೊದಲಿನ ಮತ್ತು ನಂತರದ ಅಳತೆಯ ಪ್ರಿಂಟ್ ಕೇಳಿ ಇಸ್ಕೊಳ್ಳಿ. ಹೊಂದಾಣಿಕೆ ಬೋಲ್ಟ್ ತುಕ್ಕು ಹಿಡಿದು ತೋಳಿಗೆ ಅಂಟಿದ್ದರೆ ಜೋರು ಮಾಡದೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಡಿ, ರಬ್ಬರಿಗೆ ತಾಗದ ಹಾಗೆ. ಹೊಂದಾಣಿಕೆ ಬೋಲ್ಟ್ ಸಡಿಲಿಸಿ ಮತ್ತೆ ಬಿಗಿ ಮಾಡುವುದೂ ಕಾರು ಚಕ್ರದ ಮೇಲೆ ನಿಂತಾಗಲೇ ಆಗಬೇಕು. ಅಲೈನ್‌ಮೆಂಟ್ ರ್‍ಯಾಂಪ್‌ನಲ್ಲಿ ಅದು ಹೇಗೂ ಹಾಗೇ ಇರುತ್ತದೆ.

ವಾಪಸ್ ಬರುವಾಗ ಭರಮಸಾಗರ ದಾಟಿ, ಅದೇ ಜಾಗದಲ್ಲಿ, 90ರಲ್ಲಿ ಕಾಲು ತೆಗೆದೆ. ಹಿಂಭಾಗ ಸುಮ್ಮನೆ ಹಿಂದೆ ಬಂತು. ಹದಡಿ ರಸ್ತೆಯ ಹಂಪ್ ಮೇಲೆ ಮಾತ್ರ ಮತ್ತೆ ‘ಟಕ್’ ಅಂತ ಸಣ್ಣ ಸದ್ದು. ಎದೆ ಧಸಕ್ಕೆಂದಿತು. ಡಿಕ್ಕಿ ತೆಗೆದು ನೋಡಿದರೆ, ಬಿಚ್ಚಿಸಿಕೊಂಡು ಬಂದ ಹಳೇ ಬುಷ್ ಸ್ಟೆಪ್ನಿ ಗುಂಡಿಯಲ್ಲಿ ಉರುಳಾಡುತ್ತಿತ್ತು.